ಕೇಂದ್ರ ಸರ್ವರ್ ಮತ್ತು ಅಪ್ಲಿಕೇಶನ್ ಸರ್ವರ್
ದೊಡ್ಡ ಸಂಸ್ಥೆಗಳ ತಂತ್ರಾಂಶ ವ್ಯವಸ್ಥೆಯಲ್ಲಿ ಮೂಲ ದತ್ತಾಂಶವನ್ನು ಒಂದೆಡೆ ಕಾಪಾಡುವುದು ಕೇಂದ್ರ ಸರ್ವರ್. ಬಳಕೆದಾರರ ಕೋರಿಕೆಯನ್ನು ನಿಯಮಗಳಿಗೆ ಒಳಪಡಿಸಿ ಉತ್ತರ ಸಿದ್ಧಪಡಿಸುವುದು ಅಪ್ಲಿಕೇಶನ್ ಸರ್ವರ್. ಕೋರಿಕೆಗಳು ಹೆಚ್ಚಿದಾಗ ಎರಡನೆಯದರ ಸಂಖ್ಯೆಯನ್ನು ಸುಲಭವಾಗಿ ಹೆಚ್ಚಿಸಬಹುದು. ಮೊದಲನೆಯದರಲ್ಲಿ ಅದು ಕಷ್ಟ: ಒಂದೇ ಜಮೀನಿಗೆ ಎರಡು ಪ್ರತಿಗಳು ಬೇರೆ ಬೇರೆ ಮಾಲೀಕರನ್ನು ತೋರಿಸುವಂತಾಗಬಾರದು.

ಕರ್ನಾಟಕದ 'ಭೂಮಿ' ಯೋಜನೆ ಇದಕ್ಕೆ ಉತ್ತಮ ನಿದರ್ಶನ. ಆರಂಭದಲ್ಲಿ ಪಹಣಿಗಳು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇದ್ದವು. ಅನಂತರ ಅವನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿಸಲಾಯಿತು. ಮತ್ತಿಕೆರೆಯಲ್ಲಿ ನೆಲೆಸಿದವರೂ ಹುಟ್ಟೂರಿನ ಪಹಣಿಯನ್ನು ಅಲ್ಲಿಂದಲೇ ಪಡೆಯುವಂತಾಯಿತು. ಆದರೆ ತಾಲ್ಲೂಕಿನ ಸರ್ವರ್ ಕೆಟ್ಟರೆ ನಿಲ್ಲುತ್ತಿದ್ದುದು ಆ ತಾಲ್ಲೂಕಿನ ಕೆಲಸ ಮಾತ್ರ. ಕೇಂದ್ರ ಸರ್ವರ್ ನಿಂತರೆ ರಾಜ್ಯದಾದ್ಯಂತ ರೈತರ ಸರತಿ ನಿಲ್ಲುತ್ತದೆ. ಕಚೇರಿಗಳಲ್ಲಿ ಕೇಳಿಬರುವ 'ಸರ್ವರ್ ಡೌನ್' ಎಂಬ ಮಾತು ಕೆಟ್ಟಿರುವುದು ಇವೆರಡರಲ್ಲಿ ಯಾವುದೆಂದು ತಿಳಿಸುವುದಿಲ್ಲ.