‘ದೇವರಿಗೆ ಹೆದರು’ ಅನ್ನೋ ಹೆಸರಿನ ಕಥೆ

ಬೀಥೋವನ್ ಹಾಡುಗಳ ಹಳೇ ಸಿ.ಡಿ. ಒಂದು ನನ್ನ ಹತ್ತಿರ ಇದೆ. ಮೊನ್ನೆ ಭಾನುವಾರ ಅದನ್ನು ಕೇಳುತ್ತಾ ಸುಮ್ಮನೆ ಕವರಿನ ಹಿಂಬದಿ ಓದುತ್ತಿದ್ದೆ. 1803ರಲ್ಲಿ ಅಚ್ಚಾದ ಆರು ಹಾಡುಗಳ ಗುಚ್ಛ ಅದು. ಸಂಗೀತ ಬೀಥೋವನ್‌ನದು, ಸಾಹಿತ್ಯ ಕ್ರಿಸ್ಟಿಯಾನ್ ಫ್ಯುರ್ಷ್ಟೆಗೊಟ್ ಗೆಲ್ಲರ್ಟ್ ಎಂಬಾತನದು. ಕ್ರಿಸ್ಟಿಯಾನ್ ಸರಿ, ಗೆಲ್ಲರ್ಟ್ ಮನೆತನದ ಹೆಸರು, ಅದೂ ಸರಿ. ನಡುವೆ ಇರೋದು ಏನಪ್ಪಾ ಇದು ಅಂತ ತಲೆ ಕೆರೆದುಕೊಂಡೆ. (ಬರೆಯೋಕೂ ಕಷ್ಟ, ಹೇಳೋಕೂ ಕಷ್ಟ. ನಮ್ಮ ‘ಶ’ಕ್ಕೂ ‘ಹ’ಕ್ಕೂ ಮಧ್ಯದ ಒಂದು ಸದ್ದು ಅದರಲ್ಲಿದೆ. ನಾನು ಬರೆದಿರೋದು ಹತ್ತಿರದ ಉಚ್ಚಾರಣೆ ಅಷ್ಟೆ.)

ಜರ್ಮನ್ ನಿಘಂಟು ತೆಗೆದು ನೋಡಿದರೆ ಒಗಟು ಒಂದೇ ನಿಮಿಷಕ್ಕೆ ಬಿಡಿಸಿಕೊಂಡಿತು. ‘ಫ್ಯುರ್ಷ್ಟೆ’ ಅಂದರೆ ಹೆದರು. ‘ಗೊಟ್’ ಅಂದರೆ ದೇವರು. ಎರಡೂ ಸೇರಿ ‘ದೇವರಿಗೆ ಹೆದರು’! ಅಂದರೆ ಅದು ಹೆಸರಲ್ಲ, ಒಂದು ಪೂರ್ತಿ ವಾಕ್ಯ. ವಾಕ್ಯವೂ ಅಲ್ಲ, ಅಪ್ಪಣೆ. ತಾಯಿ ಅಂಗಳದಲ್ಲಿ ನಿಂತು “ದೇವರಿಗೆ ಹೆದರು, ಊಟಕ್ಕೆ ಬಾರೋ” ಅಂತ ಕೂಗೋದನ್ನ ಕಲ್ಪಿಸಿಕೊಂಡು ನಗು ಬಂತು. ಆಮೇಲೆ ಆ ಮಗುವಿನ ಜಾಗದಲ್ಲಿ ನಿಂತು ಯೋಚಿಸಿದೆ. ನಗು ಅಲ್ಲೇ ನಿಂತಿತು.

ವಾಕ್ಯದಂಥ ಹೆಸರು ನಮಗೇನೂ ಹೊಸದಲ್ಲ ಬಿಡಿ. ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದರೆ ‘ಸಾಕಮ್ಮ’ ಅಂತ ಇಡುತ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನದಕ್ಕೆ ‘ತಿಪ್ಪ’ ಅಂತ ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸುತ್ತಿದ್ದರು. ಆದರೆ ಗಮನಿಸಿ, ಅಲ್ಲಿ ಅಪ್ಪ ಅಮ್ಮ ಮಾತಾಡುತ್ತಿರೋದು ಮಗುವಿನ ಜೊತೆ ಅಲ್ಲ. ಮಗುವಿನ ತಲೆಯ ಮೇಲಿಂದ ದೇವರ ಜೊತೆ, ಇಲ್ಲವೇ ಸಾವಿನ ಜೊತೆ. ಈ ಜರ್ಮನ್ ಹೆಸರು ಹಾಗಲ್ಲ. ಇದು ನೇರ ಮಗುವಿಗೇ ಹೇಳಿದ ಮಾತು.

ಇಂಥ ಹೆಸರು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ.

ಹಳೆಯ ಜರ್ಮನ್ ಹೆಸರುಗಳೆಲ್ಲ ಹೆಚ್ಚಾಗಿ ಯುದ್ಧದ ಹೆಸರುಗಳು. ಹೆರ್ಮಾನ್ ಅಂದರೆ ಸೈನ್ಯದವನು, ಲುಡ್ವಿಗ್ ಅಂದರೆ ಯುದ್ಧದಲ್ಲಿ ಹೆಸರು ಮಾಡಿದವನು. ಹೆಣ್ಣಿನ ಹೆಸರಾದ ಗೆರ್ಟ್ರೂಡ್‌ನಲ್ಲೂ ಈಟಿ ಇದೆ. ಕ್ರೈಸ್ತ ಧರ್ಮ ಗಟ್ಟಿಯಾದ ಮೇಲೆ ಸಂತರ ಹೆಸರುಗಳು ಬಂದವು. 16ನೇ ಶತಮಾನದಲ್ಲಿ ಲೂಥರ್ ಪಂಥ ಹುಟ್ಟಿದಾಗ ಸಂತರ ಆರಾಧನೆಗೆ ಬೆಲೆ ಇಳಿಯಿತು. ಆದರೂ ಯೊಹಾನ್, ಕ್ರಿಸ್ಟಿಯಾನ್ ಮುಂತಾದವು ಉಳಿದುಕೊಂಡವು, ಎಷ್ಟರ ಮಟ್ಟಿಗೆ ಅಂದರೆ ಮನೆಗೆ ನಾಲ್ಕು ಯೊಹಾನ್‌ಗಳು! ಸಂಗೀತಗಾರ ಬಾಖ್‌ನನ್ನೇ ನೋಡಿ. ಅವನು ಯೊಹಾನ್ ಸೆಬಾಸ್ಟಿಯಾನ್, ಒಬ್ಬ ಅಣ್ಣ ಯೊಹಾನ್ ಕ್ರಿಸ್ಟೋಫ್, ಇನ್ನೊಬ್ಬ ಯೊಹಾನ್ ಯಾಕೋಬ್. ಹೀಗಾಗಿ ಯಾರನ್ನು ಕರೆಯುತ್ತಿದ್ದೀವಿ ಅಂತ ಗೊತ್ತಾಗಬೇಕಾದರೆ ಎರಡನೇ ಹೆಸರೇ ಗತಿ. ಮುಂದೆ ಬಂದ ಭಕ್ತಿಯ ಹೆಸರುಗಳು ಬಹುಪಾಲು ಕೂತಿದ್ದು ಈ ಎರಡನೇ ಜಾಗದಲ್ಲೇ.

1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧ ಜರ್ಮನ್ ನಾಡುಗಳನ್ನು ಹಿಂಡಿ ಹಿಪ್ಪೆ ಮಾಡಿತ್ತು. ಚರ್ಚುಗಳಲ್ಲಿ ಧರ್ಮ ಅಂದರೆ ಪಂಡಿತರ ವಾದ ಅನ್ನುವಂತಾಗಿತ್ತು. 1675ರಲ್ಲಿ ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ ಒಂದು ಚಿಕ್ಕ ಪುಸ್ತಕ ಬರೆದು, ಧರ್ಮ ತಲೆಯಲ್ಲಿ ಇದ್ದರೆ ಸಾಲದು, ಎದೆಯಲ್ಲೂ ದಿನದ ನಡತೆಯಲ್ಲೂ ಇರಬೇಕು ಅಂದ. ಇದೇ ‘ಪಯಟಿಸಂ’ ಅನ್ನೋ ಚಳವಳಿಯಾಯಿತು. ಹಾಲೆ ಎಂಬ ಊರಿನಲ್ಲಿ ಫ್ರಾಂಕೆ ಎಂಬ ಪಾದ್ರಿ ಅನಾಥಾಲಯ, ಶಾಲೆಗಳನ್ನು ಕಟ್ಟಿದ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಝೀಗೆನ್‌ಬಾಲ್ಗ್ ಇದೇ ಹಾಲೆಯಲ್ಲಿ ಓದಿದವನು.

ಎಲ್ಲ ಎದೆಗೆ ತಟ್ಟಬೇಕು ಅಂದಮೇಲೆ ಹೆಸರೂ ತಟ್ಟಬೇಕಲ್ಲ? ಲ್ಯಾಟಿನ್, ಗ್ರೀಕ್ ಹೆಸರಿಟ್ಟರೆ ಹಳ್ಳಿಯವರಿಗೆ ಏನು ತಿಳಿಯುತ್ತೆ? ಗ್ರೀಕಿನ ‘ಥಿಯೋಫಿಲಸ್’ ಇತ್ತು, ದೇವರಿಗೆ ಪ್ರಿಯನಾದವನು ಅಂತ. ಅದರ ಜಾಗಕ್ಕೆ ಅಚ್ಚ ಜರ್ಮನ್ನಿನ ‘ಗೊಟ್‌ಲೀಬ್’ ಬಂತು. ಸೂರಿನಡಿ ಅಟ್ಟದ ಮೇಲಿದ್ದ ಹಳೇ ‘ಗೊಟ್‌ಫ್ರೀಡ್’ (ದೇವರ ಶಾಂತಿ) ಮತ್ತೆ ಕೆಳಗಿಳಿಯಿತು. ಅವುಗಳ ಹಿಂದೆಯೇ ಹೊಸದಾಗಿ ಹೊಸೆದ ಹೆಸರುಗಳ ಸಾಲು. ಗೊಟ್‌ಲೋಬ್ ಅಂದರೆ ದೇವರನ್ನು ಸ್ತುತಿಸು. ಟ್ರೌಗೊಟ್, ದೇವರನ್ನು ನಂಬು. ಏರೆಗೊಟ್, ದೇವರನ್ನು ಗೌರವಿಸು. ಲೇಬೆರೆಷ್ಟ್, ಸರಿಯಾಗಿ ಬಾಳು. ಇವೆಲ್ಲವುಗಳ ಪೈಕಿ ಕಠಿಣವಾದದ್ದು ನಮ್ಮ ಫ್ಯುರ್ಷ್ಟೆಗೊಟ್. ಬೈಬಲ್ಲಿನ ‘ಪ್ರಸಂಗಿ’ ಭಾಗದ ಕೊನೆಯಲ್ಲಿ ಲೂಥರ್‌ನ ಅನುವಾದದಲ್ಲಿ ಈ ಎರಡು ಪದ ಹೀಗೇ ಅಕ್ಕಪಕ್ಕ ಇವೆ. ಅವನ್ನು ಅಂಟಿಸಿದರೆ ಹೆಸರು ತಯಾರು.

ಇಂಗ್ಲೆಂಡಿನ ಪ್ಯೂರಿಟನ್ನರೂ ಇದೇ ಆಟ ಆಡಿದ್ದರು. ಅಲ್ಲಿ ‘ಪ್ರೇಯ್ಸ್-ಗಾಡ್ ಬೇರ್‌ಬೋನ್’ ಅಂತ ಒಬ್ಬ ಚರ್ಮದ ವ್ಯಾಪಾರಿ ಇದ್ದ. 1653ರ ಪಾರ್ಲಿಮೆಂಟನ್ನು ಜನ ಅವನ ಹೆಸರಲ್ಲೇ ಕರೆದು ಗೇಲಿ ಮಾಡಿದರು.

ಈಗ ಗೆಲ್ಲರ್ಟ್‌ನ ಮನೆಗೆ ಬರೋಣ. ಸ್ಯಾಕ್ಸನಿಯ ಹೈನಿಖೆನ್ ಎಂಬ ಪುಟ್ಟ ಊರು. ಅಪ್ಪ ಅಲ್ಲಿನ ಪಾದ್ರಿ, ಮನೆಯಲ್ಲಿ ಹದಿಮೂರು ಮಕ್ಕಳು. ಅವರಲ್ಲಿ ಮೂವರು ಗಂಡುಮಕ್ಕಳ ಹೆಸರು ಕೇಳಿ. 1711ರಲ್ಲಿ ಹುಟ್ಟಿದವನು ಫ್ರೀಡ್ರಿಖ್ ಲೇಬೆರೆಷ್ಟ್, 1713ರವನು ಕ್ರಿಸ್ಟ್‌ಲೀಬ್ ಏರೆಗೊಟ್, 1715ರವನು ಕ್ರಿಸ್ಟಿಯಾನ್ ಫ್ಯುರ್ಷ್ಟೆಗೊಟ್. ಸರಿಯಾಗಿ ಬಾಳು, ದೇವರನ್ನು ಗೌರವಿಸು, ದೇವರಿಗೆ ಹೆದರು! ಮಕ್ಕಳನ್ನು ಸಾಲಾಗಿ ಊಟಕ್ಕೆ ಕರೆದರೆ ಅರ್ಧ ಪ್ರವಚನ ಮುಗಿದಂತೆ. ನಡುವಿನವನು ಫ್ರೈಬರ್ಗ್‌ನಲ್ಲಿ ಲೋಹಶಾಸ್ತ್ರದ ದೊಡ್ಡ ವಿದ್ವಾಂಸನಾದ. ಕಿರಿಯವನು ಜರ್ಮನಿಯ ಮನೆಮಾತಾದ.

ಹೌದು, ಮನೆಮಾತು ಅನ್ನೋದು ಉತ್ಪ್ರೇಕ್ಷೆ ಅಲ್ಲ. 1746 ಮತ್ತು 1748ರಲ್ಲಿ ಬಂದ ಅವನ ನೀತಿಕಥೆಗಳನ್ನು ರಾಜರಿಂದ ರೈತರವರೆಗೆ ಎಲ್ಲರೂ ಓದಿದರು. ಕಥೆ ಮೆಚ್ಚಿದ ರೈತನೊಬ್ಬ ಗಾಡಿ ತುಂಬ ಸೌದೆ ತಂದು ಅವನ ಬಾಗಿಲಲ್ಲಿ ಇಳಿಸಿದ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಅವನ ಪಾಠ ಕೇಳಿದ ಹುಡುಗರಲ್ಲಿ ಗಯಟೆಯೂ ಒಬ್ಬ. 1760ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್ ಯುದ್ಧದ ಮಧ್ಯೆ ಬಿಡುವು ಮಾಡಿಕೊಂಡು ಅವನನ್ನು ಕರೆಸಿ ಮಾತಾಡಿದ, ಜರ್ಮನ್ ಪಂಡಿತರಲ್ಲಿ ಇವನೇ ವಿವೇಕಿ ಅಂತ ಹೊಗಳಿದ.

ಹೀಗೆ ನಾಡೇ ಮೆಚ್ಚಿದವನು ಒಳಗೆ ಹೇಗಿದ್ದ? 1761ರಲ್ಲಿ ಬರೆದ ಅವನ ದಿನಚರಿ ಅವನು ಸತ್ತು ತೊಂಬತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1862ರಲ್ಲಿ, ಅಚ್ಚಾಯಿತು. ಅದರಲ್ಲಿ ರಾಜನ ಹೊಗಳಿಕೆಯ ಸಂಭ್ರಮ ಇಲ್ಲ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲ, ಎದೆ ಒಣಗಿದೆ, ನಂಬಿಕೆ ಸಾಲದು ಅಂತ ತನ್ನನ್ನೇ ಹಳಿದುಕೊಳ್ಳುವ ನಮೂದುಗಳು. ಅದೇ 1761ರಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆ ತಾನಾಗಿ ಬಂದಾಗ ಆರೋಗ್ಯ ಸರಿಯಿಲ್ಲ ಅಂತ ಬೇಡ ಅಂದ. ಮೊದಲಿನಿಂದಲೂ ರೋಗಿಷ್ಠ, ಅಳುಕಿನ ಸ್ವಭಾವ. 1769ರಲ್ಲಿ ತೀರಿಕೊಂಡ. ಇದಕ್ಕೆಲ್ಲ ಹೆಸರೇ ಕಾರಣ ಅನ್ನೋದು ಮೂರ್ಖತನ. ಆದರೂ ಹುಟ್ಟಿದಾಗಿನಿಂದ ‘ಹೆದರು’ ಅಂತ ಕರೆಸಿಕೊಂಡವನು ಐವತ್ತರ ಹತ್ತಿರ ಬಂದರೂ ಸಾಲುವಷ್ಟು ಭಕ್ತಿ ತನಗಿಲ್ಲ ಅಂತ ಹೆದರುತ್ತಾ ಕೂತಿದ್ದ ಅನ್ನೋದು ನನ್ನನ್ನು ಬಹಳ ಹೊತ್ತು ಕಾಡಿತು.

ಎಲ್ಲರೂ ಹೆಸರಿನ ಅಪ್ಪಣೆ ಪಾಲಿಸಿದರು ಅಂದುಕೊಳ್ಳಬೇಡಿ! 1815ರಲ್ಲಿ ವಾಟರ್ಲೂ ಕದನದ ದಿನ ಸಂಜೆ ಹೊತ್ತಿಗೆ ಸೈನ್ಯದೊಂದಿಗೆ ಬಂದು ನೆಪೋಲಿಯನ್‌ನ ಸೋಲು ಗಟ್ಟಿ ಮಾಡಿದ ಬ್ಲ್ಯೂಖರ್‌ನ ಹೆಸರು ಗೆಬ್‌ಹಾರ್ಡ್ ಲೇಬೆರೆಷ್ಟ್. ‘ಸರಿಯಾಗಿ ಬಾಳು’ ಅನ್ನಿಸಿಕೊಂಡ ಈ ಮಹಾಶಯ ಜೂಜಿಗೂ ಕುಡಿತಕ್ಕೂ ಹೆಸರಾದವನು. ದಾರ್ಶನಿಕ ಯೊಹಾನ್ ಗೊಟ್‌ಲೀಬ್ ಫಿಖ್ಟೆ, ‘ದೇವರಿಗೆ ಪ್ರಿಯ’, ನಾಸ್ತಿಕ ಅನ್ನುವ ಆಪಾದನೆ ಹೊತ್ತು 1799ರಲ್ಲಿ ಯೇನಾದ ಕೆಲಸ ಕಳೆದುಕೊಂಡ. ಪಾದ್ರಿಯ ಮಗ ಗೊಟ್‌ಹೋಲ್ಡ್ ಎಫ್ರಾಯಿಮ್ ಲೆಸ್ಸಿಂಗ್ 1779ರ ತನ್ನ ‘ನಾಥಾನ್’ ನಾಟಕದಲ್ಲಿ ಯೆಹೂದಿ, ಕ್ರೈಸ್ತ, ಮುಸ್ಲಿಮ್ ಮೂವರನ್ನೂ ಒಂದೇ ಕುಟುಂಬ ಮಾಡಿ ನಿಲ್ಲಿಸಿದ. ಅವನ ತಮ್ಮನ ಹೆಸರು ಕಾರ್ಲ್ ಗೊಟ್‌ಹೆಲ್ಫ್, ದೇವರು ನೆರವಾಗಲಿ ಅಂತ.

ಇನ್ನು ಮೊಟ್ಸಾರ್ಟ್. 1756ರಲ್ಲಿ ಅವನ ದೀಕ್ಷಾಸ್ನಾನದ ದಾಖಲೆಯಲ್ಲಿರೋದು ಥಿಯೋಫಿಲಸ್. ಕೆಲವೇ ದಿನಗಳಲ್ಲಿ ಅವನಪ್ಪ ಪತ್ರವೊಂದರಲ್ಲಿ ಬರೆದದ್ದು ಗೊಟ್‌ಲೀಬ್. ಅವನು ತಾನೇ ಇಷ್ಟಪಟ್ಟು ಬಳಸಿದ್ದು ‘ಅಮಾಡೆ’. ಲೋಕ ಉಳಿಸಿಕೊಂಡದ್ದು ಅಮಾಡಿಯಸ್. ಗ್ರೀಕ್, ಜರ್ಮನ್, ಲ್ಯಾಟಿನ್, ಮೂರು ಅಂಗಿ ತೊಟ್ಟ ಒಂದೇ ಹೆಸರು.

19ನೇ ಶತಮಾನ ಮುಂದುವರಿದಂತೆ ಕಾಲ ಬದಲಾಯಿತು. ರಾಜರ ಹೆಸರುಗಳಾದ ವಿಲ್‌ಹೆಲ್ಮ್, ಫ್ರೀಡ್ರಿಖ್ ಮೇಲೆ ಬಂದವು, ಹಳೇ ಯುದ್ಧದ ಹೆಸರುಗಳು ಹೊಸ ರಾಷ್ಟ್ರಾಭಿಮಾನದ ಜೊತೆ ಮರಳಿದವು. 1876ರಿಂದ ಇಡೀ ಜರ್ಮನಿಯಲ್ಲಿ ಜನನ ನೋಂದಣಿ ಚರ್ಚಿನ ಕೈಯಿಂದ ಸರ್ಕಾರಿ ಕಚೇರಿಗೆ ಹೋಯಿತು. ಆದರೂ ಗೊಟ್‌ಲೀಬ್ ಬೇಗ ಸಾಯಲಿಲ್ಲ. ಮೋಟಾರು ಕಾರಿನ ಡೈಮ್ಲರ್ ಗೊಟ್‌ಲೀಬ್, ತರ್ಕಶಾಸ್ತ್ರದ ಫ್ರೇಗೆ ಗೊಟ್‌ಲೋಬ್. ಟ್ರೌಗೊಟ್ ಕೂಡ ಅಲ್ಲಲ್ಲಿ ಉಸಿರಾಡಿತು. ಫ್ಯುರ್ಷ್ಟೆಗೊಟ್ ಮೊದಲೂ ಅಪರೂಪ, ಆಮೇಲೆ ಇನ್ನೂ ಅಪರೂಪ.

ಯಾಕೆ? ನನಗನ್ನಿಸೋದು ಇಷ್ಟು. ಪ್ರೀತಿ, ನಂಬಿಕೆ ದೇವರನ್ನು ನಂಬದವನ ಕಿವಿಗೂ ಹಿತವಾದ ಮಾತುಗಳು. ಹೆದರಿಕೆ ಹಾಗಲ್ಲ. ಅವತ್ತಿನವರಿಗೆ ಆ ಪದದಲ್ಲಿ ನಡುಕ ಮಾತ್ರ ಕೇಳುತ್ತಿರಲಿಲ್ಲ. ಜರ್ಮನ್ನಿನಲ್ಲಿ ಪೂಜ್ಯಭಾವಕ್ಕೆ ‘ಏರ್‌ಫುರ್ಷ್ಟ್’ ಅಂತಾರೆ, ಗೌರವ ಮತ್ತು ಭಯ ಸೇರಿ ಆದ ಪದ. ನಮ್ಮಲ್ಲೂ ಇದೆಯಲ್ಲ, ‘ಭಯಭಕ್ತಿ’! ಅಜ್ಜಿ “ಭಯಭಕ್ತಿಯಿಂದ ಕೈ ಮುಗಿ” ಅಂದಾಗ ಯಾರೂ ನಡುಗುತ್ತಿರಲಿಲ್ಲ. ಪದ ಜೋಡಿಯಾಗಿ ಇದ್ದಾಗ ಭಕ್ತಿ ಭಯವನ್ನು ಹಿಡಿದುಕೊಂಡಿರುತ್ತೆ. ಗೆಲ್ಲರ್ಟ್‌ನ ಹೆಸರಲ್ಲಿ ಆ ಜೋಡಿ ಇಲ್ಲ, ಬರೀ ಭಯ.

ಇದೆಲ್ಲ ನಮಗೆ ತೀರ ದೂರದ ಕಥೆಯೂ ಅಲ್ಲ. ಪಯಟಿಸಂ ಬೇರುಬಿಟ್ಟ ಇನ್ನೊಂದು ಸೀಮೆ ವ್ಯುರ್ಟೆಂಬರ್ಗ್. 1815ರಲ್ಲಿ ಶುರುವಾಗಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಬಹಳಷ್ಟು ಜನ ಅಲ್ಲಿಯವರೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್ ಅಲ್ಲಿಯವನು, ಅವನ ಸಂಬಂಧಿ, ಕನ್ನಡದಲ್ಲಿ ದುಡಿದ ವೈಗ್ಲೆಯ ಹೆಸರು ಗೊಟ್‌ಫ್ರೀಡ್. 1868ರಲ್ಲಿ ನಮ್ಮ ಹಳೆಯ ಕಾವ್ಯಗಳನ್ನು ಆಯ್ದು ‘ಪ್ರಾಕ್ಕಾವ್ಯಮಾಲಿಕೆ’ ಪ್ರಕಟಿಸಿದ ವುರ್ತ್‌ನ ಹೆಸರು ಗೊಟ್‌ಲೋಬ್. ನಮ್ಮ ಪುಸ್ತಕಗಳಲ್ಲಿ ಈ ಹೆಸರುಗಳೆಲ್ಲ ಬರೀ ‘ಜಿ.’ ಆಗಿ ಮುದುಡಿ ಕೂತಿವೆ. ಆ ಒಂದು ಅಕ್ಷರದೊಳಗೆ ಯಾವುದೋ ಊರಿನ ಅಪ್ಪ ಅಮ್ಮ ತೊಟ್ಟಿಲ ಪಕ್ಕ ನಿಂತು ಆಡಿದ ಮಾತಿದೆ ಅಂತ ನನಗೂ ಮೊನ್ನೆವರೆಗೆ ಗೊತ್ತಿರಲಿಲ್ಲ.

ಹೆಸರಿಡುವಾಗ ನಾವೂ ಮಗುವಿನ ಕಿವಿಯಲ್ಲಿ ಏನೋ ಒಂದು ಹೇಳುತ್ತೀವಿ. ಗೆದ್ದು ಬಾ, ಬೆಳಗು, ನಮ್ಮ ತಾತನ ಹಾಗೆ ಆಗು... ಅದು ಬಾಯಿಬಿಟ್ಟು ಹೇಳದ ಅಪ್ಪಣೆ ಅಷ್ಟೆ. ಪಾಲಿಸೋದು ಬಿಡೋದು ಮಗುವಿನ ಇಷ್ಟ. ಬ್ಲ್ಯೂಖರ್ ಆಗಬಹುದು, ಗೆಲ್ಲರ್ಟ್ ಆಗಬಹುದು.

ಸಿ.ಡಿ. ಮತ್ತೊಮ್ಮೆ ಹಾಕಿದ್ದೀನಿ. ಹಾಡು ಚೆನ್ನಾಗಿದೆ. ಅದರಲ್ಲಿ ಹೆದರಿಕೆ ಎಲ್ಲಿದೆ ಅಂತ ಹುಡುಕುತ್ತಾ ಕೂತಿದ್ದೀನಿ. ನಿಮ್ಮೂರಲ್ಲಿ, ನಿಮ್ಮ ಮನೆಯಲ್ಲಿ ಇಂಥ ವಾಕ್ಯದ ಹೆಸರಿನವರು ಯಾರಾದರೂ ಇದ್ದರೆ, ಆ ಹೆಸರು ಯಾಕೆ ಬಂತು ಅನ್ನೋ ಕಥೆ ಗೊತ್ತಿದ್ದರೆ, ದಯವಿಟ್ಟು ಬರೆಯಿರಿ. ಹೇಳೋರು ಇರುವಾಗಲೇ ಕೇಳಿಟ್ಟುಕೊಳ್ಳಬೇಕು ಇವನ್ನೆಲ್ಲ.