ಹಿಂದಿರುಗಿಸಬೇಕಾದ ಪುಸ್ತಕ

ಅಂತರಜಾಲದಲ್ಲಿ ಹಳೆಯ ಕನ್ನಡ ಪುಸ್ತಕವೊಂದನ್ನು ತೆರೆದಾಗ ಮೊದಲ ಪುಟಗಳಲ್ಲಿಯೇ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಚೀಟಿ ಎದುರಾಗುವುದು ಅಪರೂಪವಲ್ಲ. ಗೊತ್ತುಮಾಡಿದ ದಿನದೊಳಗೆ ಪುಸ್ತಕವನ್ನು ಹಿಂದಿರುಗಿಸಬೇಕೆಂಬ ಸೂಚನೆ ಅದರ ಮೇಲಿರುತ್ತದೆ. ಬೇಗಂಪೇಟೆಯಲ್ಲಿ ಕುಳಿತು ಓದುವ ಕನ್ನಡಿಗನಿಗೆ ಆ ಚೀಟಿ ನೆರೆಮನೆಯ ಗುರುತು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದಿಗೇ ಸೇರಿದ್ದವು. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದ ವಿಶ್ವವಿದ್ಯಾಲಯದ ಕಪಾಟುಗಳಲ್ಲಿ ಕನ್ನಡ ಇರುವುದು ಆ ನಂಟಿನ ಫಲ.

ಈ ಶತಮಾನದ ಆರಂಭದಲ್ಲಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆ ರೂಪುಗೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಹೈದರಾಬಾದಿನ ಟ್ರಿಪಲ್ ಐಟಿಯೂ ಅದರ ಮುಖ್ಯ ಕೇಂದ್ರಗಳಾದವು. ಲಕ್ಷಗಟ್ಟಲೆ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಕನ್ನಡ ಪುಸ್ತಕಗಳ ಹೆಸರುಗಳು ರೋಮನ್ ಲಿಪಿಯಲ್ಲಿ ಹೂತುಹೋಗಿದ್ದವು. ‘ಸಂಚಯ’ದ ಗೆಳೆಯರು ‘ಪುಸ್ತಕ ಸಂಚಯ’ವನ್ನು ಕಟ್ಟಿ ಅವುಗಳನ್ನು ಕನ್ನಡದಲ್ಲಿಯೇ ಹುಡುಕುವಂತೆ ಮಾಡಿದರು. ಮುಂದೆ ಹಕ್ಕುಸ್ವಾಮ್ಯದ ತೊಡಕಿನಿಂದ ಮೂಲ ತಾಣವೇ ಮುಚ್ಚಿತು. ಹಕ್ಕಿನ ಅವಧಿ ಮುಗಿದ ಕೃತಿಗಳೂ ಮುಗಿಯದವುಗಳೊಂದಿಗೆ ಒಟ್ಟಿಗೇ ಮರೆಯಾದವು. ಕಾರ್ಲ್ ಮಲಾಮುಡ್ ಅವರ ಪ್ರಯತ್ನದಿಂದ ‘ಇಂಟರ್ನೆಟ್ ಆರ್ಕೈವ್’ ಸೇರಿದ್ದ ಪ್ರತಿಗಳು ಮಾತ್ರ ಓದುಗರಿಗೆ ಉಳಿದವು.

ತೊಡಕಿನ ಬೇರು ಕಾಲದ ಲೆಕ್ಕದಲ್ಲಿದೆ. 1957ರ ಕಾಯಿದೆ ಲೇಖಕನ ಮರಣಾನಂತರ 50 ವರ್ಷ ಹಕ್ಕನ್ನು ಕಾಯುತ್ತಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯಬೇಕಿದ್ದಾಗ ಅದು 60ಕ್ಕೆ ಏರಿತು. ಬಂಗಾಳದ ಕವಿಗಾಗಿ ಆದ ಆ ಬದಲಾವಣೆ ಕನ್ನಡವನ್ನೂ ತಟ್ಟಿತು: 1946ರಲ್ಲಿ ಅಗಲಿದ ಬಿ.ಎಂ.ಶ್ರೀ ಅವರ ಕೃತಿಗಳು 1997ರ ಬದಲು 2007ರಲ್ಲಿ ಮುಕ್ತವಾದವು. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ಮುಕ್ತವಾದದ್ದು 2024ರ ಜನವರಿ 1ರಂದು. 1975ರಲ್ಲಿ ನಿಧನರಾದ ಡಿ.ವಿ.ಜಿ. ಅವರ ಕೃತಿಗಳಿಗೆ 2036ರವರೆಗೆ ಕಾಯಬೇಕು. ಪುಸ್ತಕ ಅಚ್ಚಿನಲ್ಲಿಲ್ಲವೆಂದ ಮಾತ್ರಕ್ಕೆ ಅದು ಎಲ್ಲರ ಸ್ವತ್ತಾಗುವುದಿಲ್ಲ.

ಹಕ್ಕುದಾರ ಯಾರೆಂಬುದೂ ಸುಲಭದ ಪ್ರಶ್ನೆಯಲ್ಲ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ, ಅದು ಸಾಹಿತ್ಯ ಕೃತಿಯೋ ನಾಟಕ ಕೃತಿಯೋ ಎಂಬುದನ್ನು ಅವರ ಉಯಿಲಿನ ಮಾತುಗಳೊಂದಿಗೆ ತೂಗಿ ನೋಡಬೇಕಾಯಿತು. ಉಯಿಲೇ ಇಲ್ಲದ ಲೇಖಕರ ಹಕ್ಕು ವಾರಸುದಾರರಲ್ಲಿ ಹಂಚಿಹೋಗಿರುತ್ತದೆ.

ತೆಗೆದುಹಾಕಿ ಎಂಬ ಕೋರಿಕೆಗೆ ನಮ್ಮ ಕಾನೂನು ಒಂದು ದಾರಿಯನ್ನು ತೋರಿದೆ. 2012ರ ತಿದ್ದುಪಡಿ ಮತ್ತು 2013ರ ನಿಯಮಗಳ ಪ್ರಕಾರ ದೂರು ಲಿಖಿತವಾಗಿರಬೇಕು. ಕೃತಿ ಯಾವುದು, ತಾನು ಹಕ್ಕುದಾರನೆಂಬುದಕ್ಕೆ ಆಧಾರವೇನು, ಪ್ರತಿ ಎಲ್ಲಿದೆ ಎಂಬುದನ್ನು ದೂರುದಾರ ತಿಳಿಸಬೇಕು. ದೂರು ಸರಿಯೆಂದು ಕಂಡರೆ 36 ಗಂಟೆಯೊಳಗೆ ಪ್ರತಿಯನ್ನು ಮರೆಮಾಡಬೇಕು. 21 ದಿನಗಳೊಳಗೆ ನ್ಯಾಯಾಲಯದ ಆದೇಶ ಬಾರದಿದ್ದರೆ ಅದನ್ನು ಮತ್ತೆ ತೆರೆದಿಡಬಹುದು. ಆದರೆ ಈ ರಕ್ಷೆ ಇತರರ ಪ್ರತಿಗೆ ಕೊಂಡಿಯಾಗಿ ಅದನ್ನು ತಾತ್ಕಾಲಿಕವಾಗಿ ಇರಿಸಿಕೊಂಡವರಿಗೆ. ಪುಸ್ತಕವನ್ನು ತಾನೇ ಸ್ಕ್ಯಾನ್ ಮಾಡಿ ಏರಿಸಿದವನು ಇದರ ಮರೆಯಲ್ಲಿ ನಿಲ್ಲಲಾರ. ಅಂಥವನು ಮೊದಲು ಕೇಳಬೇಕು, ಆಮೇಲೆ ಏರಿಸಬೇಕು.

ಕೇಳಿದರೆ ದೊರೆಯುವುದೂ ಉಂಟು. ನಿರಂಜನರ 55 ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಮೂಲವನ್ನು ಹೆಸರಿಸಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಹಂಚಬಹುದು. ಅಲ್ಲಿ ತೆಗೆದುಹಾಕುವ ಪ್ರಶ್ನೆಯೇ ಏಳುವುದಿಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಸ್ಕ್ಯಾನ್ ಪ್ರತಿಗಳೇ ಎಷ್ಟೋ ಸಲ ಏಕೈಕ ಗ್ರಂಥಾಲಯ. ಆದ್ದರಿಂದಲೇ ಒಂದು ಪುಸ್ತಕದ ಮೇಲಿನ ದೂರಿಗೆ ಇಡೀ ಕಪಾಟನ್ನು ಮುಚ್ಚದಂತೆ, ಪ್ರತಿ ಕೃತಿಯ ಎದುರು ಲೇಖಕರ ಮರಣದ ವರ್ಷವನ್ನೂ ಅನುಮತಿಯ ವಿವರವನ್ನೂ ಬರೆದಿಡುವುದು ನಮ್ಮ ಹೊಣೆ. ಆ ಹಳೆಯ ಚೀಟಿ ಹೇಳುತ್ತಿದ್ದುದೂ ಅಷ್ಟೆ: ಪುಸ್ತಕ ನಮ್ಮ ಕೈಯಲ್ಲಿರುವುದು ಎರವಲಾಗಿ.