ಲೆಮ್ಮಿ: ಚದುರಿದ ಸಮುದಾಯಗಳ ಗುಂಪುಗಾರಿಕೆಗೆ ಹೊಸ ದಾರಿ

ಯಾವುದೇ ಒಂದು ಕಂಪನಿಯ ಒಡೆತನಕ್ಕೆ ಒಳಪಡದೆ, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಪರಸ್ಪರ ಬೆಸೆದುಕೊಂಡಿರುವ ವ್ಯವಸ್ಥೆಯೇ ವಿಕೇಂದ್ರೀಕೃತ ಸಾಮಾಜಿಕ ಜಾಲತಾಣ. 2019ರಲ್ಲಿ ಆರಂಭಗೊಂಡ ಲೆಮ್ಮಿ ಇದಕ್ಕೊಂದು ನಿದರ್ಶನ. 2023ರಲ್ಲಿ ರೆಡಿಟ್‌ನ ಎಪಿಐ ಶುಲ್ಕವನ್ನು ವಿರೋಧಿಸಿದ ಅನೇಕರು ಇತ್ತ ವಲಸೆ ಬಂದರು.

ಸಮಸ್ಯೆ: ಇಲ್ಲಿ ಪ್ರತಿ ಸರ್ವರ್‌ನಲ್ಲಿಯೂ ಅದೇ ಹೆಸರಿನ ಸಮುದಾಯ ತೆರೆಯಲು ಅವಕಾಶವಿದೆ. ‘ಟೆಕ್ನಾಲಜಿ’ ಸಮುದಾಯವು ಲೆಮ್ಮಿ ಡಾಟ್ ವರ್ಲ್ಡ್‌ನಲ್ಲಿಯೂ ಲೆಮ್ಮಿ ಡಾಟ್ ಎಂಎಲ್‌ನಲ್ಲಿಯೂ ಪ್ರತ್ಯೇಕವಾಗಿದೆ. ಒಂದೇ ಸುದ್ದಿಯ ಚರ್ಚೆ ಹೀಗೆ ಹಲವೆಡೆ ಹಂಚಿಹೋಗುತ್ತದೆ. ಸಣ್ಣ ಸಮುದಾಯಗಳು ಸೊರಗುತ್ತವೆ.

ಪರಿಹಾರ: ಲೆಮ್ಮಿಯೊಡನೆ ಸಂಪರ್ಕ ಹೊಂದಿರುವ ಪೈಫೆಡ್ ತಂತ್ರಾಂಶವು ಸಮಾನ ವಿಷಯದ ಸಮುದಾಯಗಳನ್ನು ‘ಟಾಪಿಕ್’ಗಳಾಗಿ ಒಗ್ಗೂಡಿಸುತ್ತದೆ. ಇವನ್ನು ಸರ್ವರ್ ನಿರ್ವಾಹಕರು ರೂಪಿಸಿದರೆ, ‘ಫೀಡ್’ಗಳನ್ನು ಬಳಕೆದಾರರೇ ರಚಿಸಿ ಇತರರೊಡನೆ ಹಂಚಿಕೊಳ್ಳಬಹುದು.

ವಿಲೀನವೇಕಿಲ್ಲ?: ಪ್ರತಿ ಸಮುದಾಯಕ್ಕೂ ತನ್ನದೇ ನಿಯಮ, ತನ್ನದೇ ಮೇಲ್ವಿಚಾರಕರು ಇರುತ್ತಾರೆ. ಮೇಲ್ವಿಚಾರಣೆಯ ಹೊರೆ ತಾಳಲಾರದೆ 2023ರ ಜೂನ್‌ನಲ್ಲಿ ಬೀಹಾ ಸರ್ವರ್, ಲೆಮ್ಮಿ ಡಾಟ್ ವರ್ಲ್ಡ್‌ನೊಡನೆ ಸಂಪರ್ಕವನ್ನೇ ಕಡಿದುಕೊಂಡಿತ್ತು. ವಿಲೀನಗೊಳಿಸಿದರೆ ಇಂಥ ಸ್ವಾತಂತ್ರ್ಯ ಉಳಿಯದು; ಆಶ್ರಯ ನೀಡಿದ ಸರ್ವರ್ ಮುಚ್ಚಿದರೆ ಎಲ್ಲರ ಚರ್ಚೆಯೂ ನಿಲ್ಲುತ್ತದೆ. ಗುಂಪು ಮಾಡಿದಾಗಲಾದರೋ ಓದು ಒಂದಾಗುತ್ತದೆ, ಅಧಿಕಾರ ಹಂಚಿಕೆಯಾಗಿಯೇ ಉಳಿಯುತ್ತದೆ.